ಮೂರು ದಿನದ ಒಣ ಹಾಸಿಗೆ

ಕೆಂಪು, ಆಗಲೇ ಕೆಂಪು, ಗುಂಡಿ ಒತ್ತಿ ಇನ್ನೂ ನಿಮಿಷವಾಗಿಲ್ಲ, ಕಿಟಕಿ ಕಟ್ಟೆಯ ಮೇಲಿನ ಕರೆಂಟಿನ ಖರ್ಚು ತೋರಿಸುವ ಅಂಗೈಯಗಲದ ಮೀಟರು ಹಸಿರಿನಿಂದ ನೇರ ಕೆಂಪಿಗೆ ಜಿಗಿದುಬಿಟ್ಟಿದೆ, ಕೆಟಲ್ ಹಚ್ಚಿದರೂ ಕೆಂಪೇ, ಆದರೆ ಅದು ಎರಡು ನಿಮಿಷದ ಕೆಂಪು, ಈ ಡ್ರೈಯರಿನದು ಒಂದೂವರೆ ಗಂಟೆಯದು, ಲೋರ್ನಾ ಮೀಟರಿನ ಮುಖವನ್ನು ಗೋಡೆಗೆ ತಿರುಗಿಸಿದಳು, ತಿರುಗಿಸಿದರೇನು, ಒಂದು ಸಲ ಬಟ್ಟೆ ಒಣಗಲು ಒಂದು ಪೌಂಡು ಇಪ್ಪತ್ತು ಪೆನ್ಸು, ನೋಡಿದರೂ ಅಷ್ಟೇ ನೋಡದಿದ್ದರೂ ಅಷ್ಟೇ — ಅಪ್ಪನ ಚಾದರ, ಪೈಜಾಮ, ಜೊತೆಗೊಂದು ಒಣ ಟವೆಲ್, ಒಣ ಟವೆಲ್ ಹಾಕಿದರೆ ಬೇಗ ಒಣಗುತ್ತದಂತೆ, ತಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯಲ್ಲಿ ಯಾರೋ ಹೇಳಿದ್ದು — ಗುಡುಗುಡು ತಿರುಗುತ್ತಿವೆ, ಪಕ್ಕದ ಕೋಣೆಯಲ್ಲಿ ಅಪ್ಪ ಚಹಾ ಹಿಡಿದು ಕೂತಿದ್ದಾನೆ, ಕುಡಿಯುತ್ತಿದ್ದಾನೋ ಇಲ್ಲವೋ, ಈ ಸದ್ದಿನಲ್ಲಿ ಏನೂ ಕೇಳಿಸುತ್ತಿಲ್ಲ, ಹೋಗಿ ನೋಡಬಾರದು, ನೋಡಿದರೆ ಕಾವಲು ಕಾಯುತ್ತೀಯೇನೇ ಅನ್ನುತ್ತಾನೆ, ನೋಡದಿದ್ದರೆ — ಹೊರಗೆ ಸಮುದ್ರದ ಮಂಜು ಸಂಡರ್ಲೆಂಡ್ ಊರನ್ನೇ ನುಂಗಿ ಕೂತಿದೆ, ಮೂರನೇ ಮಹಡಿಯ ಈ ಗೇಣಗಲದ ಬಾಲ್ಕನಿಯಲ್ಲಿ ಚಾದರ ಹರವಿದರೆ ಸಂಜೆಗೆ ಇನ್ನಷ್ಟು ಒದ್ದೆ, ಹೀಟರಿನ ಮೇಲೆ ಹರವಿಯೂ ನೋಡಿದ್ದಾಯಿತು, ಅಪ್ಪನ ಮಂಚದ ಹಿಂದಿನ ಗೋಡೆ ಕರ್ರಗೆ ಬೂಸ್ಟು ಹಿಡಿಯಿತು, ಅಪ್ಪನಿಗೆ ಕೆಮ್ಮು ಹತ್ತಿತು, ಗೋಡೆ ನೋಡಲು ಬಂದ ಬಾಡಿಗೆಮನೆ ಆಫೀಸಿನವನು ಬೂಸ್ಟನ್ನು ಪೆನ್ನಿನಿಂದ ಕೆರೆದು, ಒದ್ದೆ ಬಟ್ಟೆ ಒಳಗೆ ಹರವಿದ್ರೆ ಗೋಡೆ ಇನ್ನೇನಾಗತ್ತೆ ಮೇಡಂ, ಅಂದ, ಹಾಗೆ ಬಂದದ್ದು ಈ ಹಳೇ ಡ್ರೈಯರು, ಅದು ಮೊದಲ ಸಲ ತಿರುಗಿದಾಗ ಅಪ್ಪ ಎಷ್ಟು ನಕ್ಕಿದ್ದ, ಇಂಜಿನ್ ಶುರುವಾಯ್ತು ಕಣೇ, ಇನ್ನು ಹಡಗು ನೀರಿಗಿಳಿಸೋದೊಂದೇ ಬಾಕಿ — ಮೂವತ್ತೊಂದು ವರ್ಷ ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿದ ವಿಲ್ಫ್, ಹೋದ ವಸಂತದಲ್ಲಿ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋದ ವಿಲ್ಫ್, ಉಚ್ಚೆಯ ಮೇಲೆ ಹಿಡಿತ ತಪ್ಪಿದ ಮೊದಲ ದಿನ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ ಅಪ್ಪ.

ಅವತ್ತು ಬಾಗಿಲು ಹಾಕಬೇಕಿತ್ತು. ಅಷ್ಟೇ, ಅಡುಗೆಮನೆಯ ಬಾಗಿಲೊಂದು ಹಾಕಿಕೊಂಡು ಫೋನ್ ಮಾಡಬೇಕಿತ್ತು, ಆ ಕಡೆ ಲೀಡ್ಸ್‌ನಲ್ಲಿ ಬೆಚ್ಚಗೆ ಕೂತ ಅಕ್ಕ ಡೆನೀಸ್, ನಮ್ಮಮ್ಮ ಹಗ್ಗದ ಮೇಲೇ ಒಣಗಿಸಿ ನಮ್ಮನ್ನೆಲ್ಲ ಬೆಳೆಸಲಿಲ್ವಾ ಅಂದಾಗ ಮೈ ಉರಿದುಹೋಯಿತು, ಅಮ್ಮನಿಗೆ ಅಂಗಳ ಇತ್ತು ಕಣೇ, ನನಗೇನಿದೆ, ಈ ಡ್ರೈಯರು ನನ್ನ ಸಂಬಳಾನೆಲ್ಲ ನುಂಗ್ತಾ ಇದೆ, ದಿನಕ್ಕೆರಡು ಸಲ ಉಚ್ಚೆ ಹೊಯ್ಕೊಂಡ್ರೆ ನಾನೆಲ್ಲಿಂದ ತರಲಿ — ಅಂದದ್ದು ತನ್ನದೇ ಬಾಯಿ, ಉಚ್ಚೆ ಅಂದದ್ದೂ ತನ್ನದೇ ಬಾಯಿ, ಆಚೆ ಕೋಣೆಯಲ್ಲಿ ಟಿ.ವಿ. ಸದ್ದು ಇದ್ದಕ್ಕಿದ್ದಂತೆ ಸಣ್ಣಗಾದದ್ದು ಆಗಲೇ ಗೊತ್ತಾಗಬಾರದಿತ್ತೇ, ಗೊತ್ತಾಗಿತ್ತೋ ಏನೋ, ಗೊತ್ತಾಗದ ಹಾಗೆ ಇದ್ದುಬಿಟ್ಟಳೋ. ಮರುದಿನ ಹಾಸಿಗೆ ಒಣಗಿತ್ತು. ಅದರ ಮರುದಿನವೂ. ಮೂರನೆಯ ದಿನ ಅವಳು ಚಾದರದ ಮೇಲೆ ಅಂಗೈ ಸವರಿ ನೋಡಿ, ಭೇಷ್ ಅಪ್ಪಾ, ನೋಡಿದ್ಯಾ, ನಿನ್ನ ಕೈಲಾಗತ್ತೆ, ಎಂದು ಅವನ ಬೋಳುತಲೆಗೆ ಮುತ್ತು ಕೊಟ್ಟಳು, ಮುತ್ತು ಕೊಟ್ಟಳಲ್ಲ, ತುಟಿಗೆ ತಗುಲಿದ ಚರ್ಮ ಕಾಗದದ ಹಾಗೆ ಒಣಗಿತ್ತು, ಅದೂ ತಿಳಿಯಲಿಲ್ಲ, ಮನಸ್ಸಿನಲ್ಲಿದ್ದದ್ದು ಒಂದೇ, ಮೂರು ದಿನದಿಂದ ಡ್ರೈಯರು ತಿರುಗಿಲ್ಲ, ಭಾನುವಾರಕ್ಕೆ ಕುರಿಮಾಂಸ ತಂದು ಹುರಿಯಬಹುದು.

ಆ ಮಧ್ಯಾಹ್ನ ಕಾಲು ತಣ್ಣಗಿದೆ ಎಂದನಲ್ಲ, ಬಿಸಿನೀರು ತುಂಬಿಸಿಕೊಡೋಣವೆಂದು ಕುರ್ಚಿಯ ಕೆಳಗಿದ್ದ ರಬ್ಬರ್ ಚೀಲ ಎತ್ತಿದರೆ ಭಾರ, ತುಂಬಿದ ಭಾರ, ಮುಚ್ಚಳ ತಿರುಗಿಸಿದರೆ ಹುಳಿ ಹಾಲಿನ ನಾತ, ಚಹಾ, ಬರೀ ಚಹಾ, ಅವಳು ಮಾಡಿಕೊಟ್ಟ ಒಂದೊಂದು ಕಪ್ ಚಹಾವನ್ನೂ ಒಂದೇ ಕೈಯಲ್ಲಿ, ನೆಲಕ್ಕೆ ಒಂದು ಹನಿ ಬೀಳದ ಹಾಗೆ ಚೀಲಕ್ಕೆ ಸುರಿದಿದ್ದ, ಅಪ್ಪಾ ಇದೇನಿದು, ಅಪ್ಪಾ, ಎಂದರೆ ಅವನು ಅವಳನ್ನು ನೋಡಿ, ಐರಿಸ್, ಮಕ್ಕಳು ಸ್ಕೂಲಿಂದ ಬಂದ್ರಾ, ಅಂದ, ಐರಿಸ್ ಅಂದರೆ ಅಮ್ಮ, ಅಮ್ಮ ಹೋಗಿ ಒಂಬತ್ತು ವರ್ಷ. ಆಂಬುಲೆನ್ಸಿನವರು ಫೋನಿನಲ್ಲಿ, ಚಮಚದಲ್ಲಿ ಸ್ವಲ್ಪ ಸ್ವಲ್ಪ ನೀರು ಕೊಡಿ, ನುಂಗ್ತಾರಾ ನೋಡಿ, ನುಂಗದಿದ್ರೆ ನಿಲ್ಲಿಸಿ, ಅಂದರು, ಅವಳು ಚಮಚ ಒಡ್ಡಿದಳು, ತುಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸಿದರೆ ನಾಲಿಗೆ ಮರದ ಚೂರು, ನೀರು ಬಾಯಿಯೊಳಗೆ ಹೋಯಿತು, ಗಂಟಲ ಗಂಟು ಏಳಲಿಲ್ಲ, ಏಳು ಅಪ್ಪಾ ಏಳು, ಕೊರಳ ಬಡಕಲು ಚರ್ಮದಡಿ ಆ ಗಂಟು ಅಲ್ಲೇ, ಅಲುಗದೆ, ನೀರು ತುಟಿಯಂಚಿನಿಂದ ಹೊರಗೆ — ಆಸ್ಪತ್ರೆಯಲ್ಲಿ ಐದು ದಿನ ಡ್ರಿಪ್ಪು, ಮೂತ್ರಪಿಂಡ ಸ್ವಲ್ಪದರಲ್ಲಿ ಉಳಿಯಿತು, ನರ್ಸ್ ಮರಿಯನ್ ಕೇಳಿದಳು, ಯಾಕೆ ಕುಡೀಲಿಲ್ಲ ವಿಲ್ಫ್, ಅಪ್ಪ ಮಗಳ ಕಡೆ ನೋಡಲೂ ಇಲ್ಲ, ಬಾಯಾರಿಕೆ ಆಗಲಿಲ್ಲ, ಅಂದ, ಅವಳನ್ನು ಉಳಿಸಿದ, ಎಲ್ಲರ ಎದುರು ಉಳಿಸಿದ, ಅದು ಬೈದದ್ದಕ್ಕಿಂತ ಹೆಚ್ಚು ಸುಟ್ಟಿತು.

ನಿನ್ನೆ ಮನೆಗೆ ಬಂದ, ಇವತ್ತು ಬೆಳಿಗ್ಗೆ ಹಾಸಿಗೆ ಒದ್ದೆ, ಬೆಚ್ಚಗೆ, ಪೂರ್ತಿ ಒದ್ದೆ, ಅವಳು ಚಾದರವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು, ಅವನು ಕಣ್ಣು ಮುಚ್ಚಿ, ತಪ್ಪಾಯ್ತು ಮಗಾ, ಅಂದ, ತಪ್ಪು ನಂದು ಅಪ್ಪಾ, ಆ ಫೋನು ನೀನು ಕೇಳಿಸಿಕೊಂಡೆ ಅಲ್ವಾ, ಯಾವ ಫೋನು ಎಂದ, ಅಲ್ಲಿಗೆ ಮುಗಿಸಿದ, ಮುಗಿಯಿತೇ — ಗುಡುಗುಡು, ಚಾದರ ಮೇಲೇರಿ ದೊಪ್ಪನೆ ಬೀಳುತ್ತಿದೆ, ಮತ್ತೆ ಏರುತ್ತಿದೆ, ಇಲ್ಲ, ತಡೆಯಲಾಗುವುದಿಲ್ಲ, ನೋಡಲಿ, ಕಾವಲು ಅನ್ನಲಿ, ಅವಳು ಬಾಗಿಲಿಗೆ ಬಂದಳು, ಅಪ್ಪ ಅಡುಗೆಮನೆಯ ಸದ್ದಿನ ಕಡೆಗೇ ಕಿವಿಯಿಟ್ಟು ಕೂತಿದ್ದಾನೆ, ಕಪ್ ತೊಡೆಯ ಮೇಲೆ ತುಂಬಿದ್ದು ತುಂಬಿದಂತೆ, ಎಷ್ಟು ಹೊತ್ತು ತಿರುಗತ್ತೆ ಅದು, ಎಂದ, ಎಷ್ಟು ಹೊತ್ತಾದ್ರೂ ತಿರುಗಲಿ, ನೀನು ಕುಡಿ, ಅಂದಳು, ಅವನು ಅವಳ ಮುಖ ನೋಡಿದ, ಕಪ್ ಎತ್ತಿದ, ಬಲಗೈಯಲ್ಲಿ, ತುಟಿಗೆ, ಓರೆಯಾಯಿತು, ಚಹಾ ಬಾಯೊಳಗೆ, ಈಗ, ಕೊರಳು, ಆ ಗಂಟು, ಏಳಲಿಲ್ಲ, ಏಳು, ಬಡಕಲು ಚರ್ಮದಡಿ ಆ ಗಂಟು, ಎದ್ದಿತು, ಮೇಲೆ ನಿಂತಿತು, ನಿಂತೇ ಇದೆ, ಗಂಟಲ ಆ ಗಂಟು — ಇಳಿಯಿತು.