ಎರಡನೇ ನಟ್ಟು

ಕಲೀಂ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ ಮೇಲೆ ನಾಗಮಂಗಲದ ಅವನ ಗ್ಯಾರೇಜು ನಾಲ್ಕು ದಿನ ಮುಚ್ಚಿತ್ತು. ಐದನೆಯ ದಿನ ಅವನ ಹೆಂಡತಿ ನೂರ್ ಫಾತಿಮಾ ಶಟರ್ ಎತ್ತಿದಳು. ಗ್ಯಾರೇಜಿನ ಹಿಂದೆಯೇ ಮನೆ. ಹನ್ನೆರಡು ವರ್ಷದಿಂದ ಅವಳು ಆ ಕೆಲಸ ನೋಡುತ್ತಲೇ ಇದ್ದಳು. ಪಂಕ್ಚರ್ ಹಾಕುವುದು, ಆಯಿಲ್ ಬದಲಿಸುವುದು, ಚೈನು ಬಿಗಿ ಮಾಡುವುದು ಆಗಲೇ ಕೈಗೆ ಬಂದಿತ್ತು. ಕಲೀಂ ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಸ್ಟೂಲಿನ ಮೇಲೆ ಕೂತು, ಅದು ಹಾಗಲ್ಲ, ಇದು ಹೀಗೆ ಎಂದು ಬಾಯಲ್ಲೇ ಕೆಲಸ ಮಾಡುತ್ತಿದ್ದ.

ಅವತ್ತು ಬೆಳಿಗ್ಗೆ ಹತ್ತರ ಹೊತ್ತಿಗೆ ಬಂದ ಸದ್ದಿಗೆ ಎದುರಿನ ಬಟ್ಟೆ ಅಂಗಡಿಯವರೆಲ್ಲ ಹೊರಗೆ ಬಂದು ನಿಂತರು. ಬಿಂಡಿಗನವಿಲೆಯ ನರಸಯ್ಯ ತನ್ನ ಹಳೆಯ ಬೈಕಿನಲ್ಲಿ ಬಂದಿದ್ದ. ಅರವತ್ತು ದಾಟಿದ ಕುರಿ ಸಾಕುವ ರೈತ. ಬೈಕಿನ ಸೈಲೆನ್ಸರ್ ತೂತುಬಿದ್ದು, ಮುಟ್ಟಿದರೆ ಹಪ್ಪಳದ ಹಾಗೆ ಉದುರುತ್ತಿತ್ತು. ಹೊಸದನ್ನು ಅವನೇ ಕೊಂಡು, ಗೋಣಿಚೀಲದಲ್ಲಿ ಸುತ್ತಿ, ಹಿಂದಿನ ಸೀಟಿಗೆ ಬಿಗಿದುಕೊಂಡು ತಂದಿದ್ದ.

"ಕೈಗೇನ್ಲಾ ಮಾಡ್ಕಂಡೆ ಕಲೀಮು?"

"ಬಿದ್ಬುಟ್ಟೆ ಗೌಡ್ರೆ. ನಿಮ್ ಗಾಡಿಗೇನಾಯ್ತು, ಊರೆಲ್ಲಾ ಎದ್ದೈತೆ?"

"ಅಯ್ಯೋ, ಇದ್ರ ಸದ್ದೇ ಒಂದ್ ರಾಮಾಯ್ಣ ಕಣ್ಲಾ. ಹದಿನಾಲ್ಕು ಕುರಿ ಮರಿ ಆಕವೆ. ನಾನ್ ದೊಡ್ಡಿ ತಾವ್ಕೆ ಗಾಡಿ ತಕಂಡು ಓದೆ ಅಂದ್ರೆ ಮರಿ ಬುಟ್ಟು ದಿಕ್ಕಾಪಾಲು ಓಡ್ತವೆ. ನಮ್ಮನೆಯವ್ಳು ಮಾಯಮ್ಮ, ಗಾಡಿ ಇತ್ತಗೆ ತರ್ಲೇಬ್ಯಾಡ ಅಂದ್ಬುಟ್ಟವ್ಳೆ. ಬೂಸದ ಮೂಟೆ ತಲೆ ಮ್ಯಾಲ್ ಒರ್ತಾವ್ನಿ."

ಫಾತಿಮಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಇದನ್ನ ಎಲ್ಲಿ ನಿಲ್ಲುಸ್ತಿದ್ರಿ ಗೌಡ್ರೆ?"

"ದೊಡ್ಡಿ ಒಳಗೇ ಕಣವ್ವ."

"ಅದಕ್ಕೇ. ಕುರಿ ಉಚ್ಚೆಗೆ ಕಬ್ಬಿಣ ತಡೀತದಾ?"

ನರಸಯ್ಯ ಕಲೀಮನ ಮುಖ ನೋಡಿದ, ಅವಳ ಮುಖ ನೋಡಿದ. "ನೀನೇ ಬಿಚ್ಚೀಯೇನವ್ವಾ?" ಎಂದ. ದನಿಯಲ್ಲಿ ತಾತ್ಸಾರವಿರಲಿಲ್ಲ, ಅಳುಕಿತ್ತು.

"ನೋಡಾಣ" ಎಂದಳು ಅವಳು. ಅಳುಕು ಅವಳಿಗೂ ಇತ್ತು. ಸೈಲೆನ್ಸರ್ ಬಿಚ್ಚುವುದನ್ನು ನೂರು ಸಲ ನೋಡಿದ್ದಳು; ತಾನೇ ಬಿಚ್ಚಿದ್ದು ಒಂದು ಸಲವೂ ಇಲ್ಲ.

ಹಿಂದಿನ ಬೋಲ್ಟು ಸುಲಭವಾಗಿ ಬಂತು. ತೊಡಕಿದ್ದದ್ದು ಮುಂದೆ, ಕೊಳವೆ ಇಂಜಿನ್ನಿಗೆ ಸೇರುವ ಕಡೆ. ಅಲ್ಲಿ ಇಂಜಿನ್ನಿಂದ ಎರಡು ಸಣ್ಣ ಕಬ್ಬಿಣದ ಕಡ್ಡಿಗಳು ಹೊರಗೆ ಚಾಚಿದ್ದವು, ಒಂದೊಂದಕ್ಕೆ ಒಂದೊಂದು ನಟ್ಟು. ನಟ್ಟೂ ಕಡ್ಡಿಯೂ ತುಕ್ಕು ತಿಂದು ಒಂದೇ ಆಗಿದ್ದವು. ವೈರ್ ಬ್ರಶ್ಶಿನಲ್ಲಿ ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದಳು. ಮೊದಲನೆಯ ನಟ್ಟು ಕಿರ್ರೆಂದು ಬಂತು. ಎರಡನೆಯದು ಮಿಸುಕಲಿಲ್ಲ.

"ಸ್ಪ್ಯಾನರ್‌ಗೆ ಪೈಪ್ ಹಾಕಿ ಒತ್ತು" ಎಂದ ಕಲೀಂ. "ಜೋರಾಗಿ."

"ಕಡ್ಡಿ ಮುರಿದ್ರೆ?"

"ಮುರಿಯಲ್ಲ ಒತ್ತು. ನಾನ್ ಹೇಳ್ತಿಲ್ವಾ!"

ಅವಳು ಪೈಪು ಕೈಗೆತ್ತಿಕೊಂಡಳು. ಒಂದು ಸಲ ಒತ್ತಿ ನೋಡಿದಳು. ನಟ್ಟು ತಿರುಗದೆ ಕಡ್ಡಿಯೇ ರಬ್ಬರಿನಂತೆ ಕೊಂಚ ನುಲಿಯುವುದು ಅಂಗೈಗೆ ತಿಳಿಯಿತು. ತಟ್ಟನೆ ಕೈ ಬಿಟ್ಟಳು.

"ಇಲ್ಲ ರೀ. ನಾನ್ ಒತ್ತಲ್ಲ."

ಕಲೀಮನ ಮುಖ ಕೆಂಪಾಯಿತು. ಗಿರಾಕಿಯ ಎದುರಿಗೇ ಹೆಂಡತಿ ಒಲ್ಲೆ ಎಂದಿದ್ದಳು. ಫಾತಿಮಾ ಅವನ ಹತ್ತಿರ ಹೋಗಿ, ನರಸಯ್ಯನಿಗೆ ತಿಳಿಯದ ಹಾಗೆ ಉರ್ದುವಿನಲ್ಲಿ ಮೆಲ್ಲಗೆ, "ಆ ಕೆ.ಆರ್. ಪೇಟೆ ಮೇಷ್ಟ್ರ ಗಾಡಿ ನೆನಪಿದೆಯಲ್ಲ?" ಎಂದಳು. ಹೋದ ವರ್ಷ ಕಲೀಂ ಹೀಗೇ ಒತ್ತಿ ಕಡ್ಡಿ ಮುರಿದು, ಇಂಜಿನ್ನಿನ ತಲೆ ಬಿಚ್ಚಿ, ಮುರಿದ ತುಂಡನ್ನು ಕೊರೆದು ತೆಗೆಯಲು ಎರಡು ದಿನ ಒದ್ದಾಡಿದ್ದ. ಆಗ ದೀಪ ಹಿಡಿದು ನಿಂತಿದ್ದವಳು ಅವಳೇ.

ಕಲೀಂ ತನ್ನ ಪ್ಲಾಸ್ಟರ್ ಕೈಯನ್ನೊಮ್ಮೆ ನೋಡಿಕೊಂಡ. ಆಮೇಲೆ ಮೀಸೆಯೊಳಗೇ ನಕ್ಕ. "ಸರಿ. ನಿನ್ ಇಷ್ಟದಂಗೆ ಮಾಡು."

ಬಿಸಿ ಕೊಡಬೇಕಿತ್ತು. ಬೆಂಕಿ ಹಚ್ಚುವ ಮೊದಲು ಅವಳು ಪೆಟ್ರೋಲ್ ಟ್ಯಾಂಕನ್ನೇ ಕಳಚಿದಳು. ನರಸಯ್ಯ ಅದನ್ನು ಎಳೆಮರಿಯಂತೆ ತಬ್ಬಿಕೊಂಡು, ರಸ್ತೆಯಾಚೆಯ ಬೇವಿನ ನೆರಳಿಗೆ ಹೋಗಿ ಮಡಿಲಲ್ಲಿಟ್ಟುಕೊಂಡು ಕೂತ. ಅವಳು ಎಣ್ಣೆ ಒರೆಸಿ, ಗ್ಯಾಸಿನ ಸಣ್ಣ ಬೆಂಕಿಯನ್ನು ನಟ್ಟಿಗೆ ಮಾತ್ರ ತಾಗುವಂತೆ ಹಿಡಿದಳು. ಕಾಯಿತು. ಆರಲು ಬಿಟ್ಟಳು. ಮತ್ತೆ ಎಣ್ಣೆ ಬಿಟ್ಟು, ಸಣ್ಣ ಸುತ್ತಿಗೆಯಲ್ಲಿ ಟಕ್ ಟಕ್ ಎಂದು ತಟ್ಟಿದಳು. ಮೂರು ಸಲ ಹೀಗೇ ಆಯಿತು. ನಡುವೆ ಎಲ್ಲರೂ ಟೀ ಕುಡಿದರು. ಟ್ಯಾಂಕು ಬಿಟ್ಟೇಳದ ನರಸಯ್ಯನಿಗೆ ಅಲ್ಲಿಗೇ ಲೋಟ ಹೋಯಿತು.

ನಾಲ್ಕನೆಯ ಸಲ ಅವಳು ನಟ್ಟನ್ನು ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿದಳು. ಟಿಕ್ ಎಂದಿತು. ಮುರಿಯಿತೆ? ಇಲ್ಲ, ತುಕ್ಕು ಬಿಟ್ಟಿತ್ತು. ಬಿಸ್ಮಿಲ್ಲಾ ಎಂದು ಈ ಕಡೆಗೆ ಕಾಲು ಸುತ್ತು, ಆ ಕಡೆಗೆ ಅಷ್ಟೇ, ಮತ್ತೆ ಈ ಕಡೆಗೆ. ನಟ್ಟು ಕೈಯೊಳಗೆ ಬಿತ್ತು. ಇನ್ನೂ ಬಿಸಿಯಿತ್ತು. ಅವಳು ಅದನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾರಿಸುತ್ತ ಚಿಕ್ಕ ಹುಡುಗಿಯ ಹಾಗೆ ನಕ್ಕಳು. "ಶಾಭಾಶ್!" ಎಂದು ಕಲೀಂ ಒಂಟಿ ಕೈಯಲ್ಲಿ ತೊಡೆ ತಟ್ಟಿದ.

ಮಿಕ್ಕಿದ್ದು ಸಲೀಸು. ಹಳೆಯ ವಾಷರ್ ಕೆರೆದು ಹೊಸದನ್ನು ಕೂರಿಸಿದಳು, ಕಡ್ಡಿಗಳಿಗೆ ಗ್ರೀಸ್ ಸವರಿದಳು. ಹೊಸ ಸೈಲೆನ್ಸರನ್ನು ಮೊದಲು ಸಡಿಲವಾಗಿ ತಗುಲಿಸಿ, ಎಲ್ಲ ಸರಿಯಾಗಿ ಕೂತ ಮೇಲೆ ಇಂಜಿನ್ ಕಡೆಯಿಂದ ಬಿಗಿಯುತ್ತ ಬಂದಳು. ಟ್ಯಾಂಕು ವಾಪಸು ಬಂತು. ನರಸಯ್ಯ ಕಿಕ್ ಹೊಡೆದ. ಮತ್ತೆ ಹೊಡೆಯಲು ಕಾಲೆತ್ತಿದ.

"ಸ್ಟಾರ್ಟ್ ಆಗೈತೆ ಗೌಡ್ರೆ!" ಎಂದಳು ಫಾತಿಮಾ.

ಅವನು ಬಗ್ಗಿ ಕಿವಿಗೊಟ್ಟ. "ಇದಾ? ನನ್ ಗಾಡಿ ಮಾತೇ ಆಡ್ತಾ ಇಲ್ವಲ್ಲವ್ವಾ!" ಹೊಸ ಕೊಳವೆಗೆ ಮೆತ್ತಿದ್ದ ಎಣ್ಣೆ ಸುಟ್ಟು ತೆಳ್ಳಗೆ ಹೊಗೆಯಾಡುತ್ತಿತ್ತು. ಬಟ್ಟೆ ಅಂಗಡಿಯವರು ಈ ಸಲ ಯಾರೂ ಹೊರಗೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಫೋನು ಬಂತು. ಮಾತಾಡಿದವಳು ಮಾಯಮ್ಮ. "ನೀನೇನವ್ವಾ ಗಾಡಿ ರಿಪೇರಿ ಮಾಡಿದ್ದು? ಒಂದ್ ಕುರೀನೂ ಕದಲ್ಲಿಲ್ಲ ಕಣವ್ವ. ಮರಿ ಎಲ್ಲಾ ಒಟ್ಟೆ ತುಂಬಾ ಆಲ್ ಕುಡಿದವೆ. ಇತ್ತಗೆ ಬಂದಾಗ ನಮ್ಮನೆಗ್ ಬಾ, ಮುದ್ದೆ ಉಂಡ್ಕಂಡ್ ಓಗುವಂತೆ."

ಮೂರು ವಾರ ಕಳೆದು ಪ್ಲಾಸ್ಟರ್ ಬಿಚ್ಚಿದ ದಿನ ಫಾತಿಮಾ, ಇನ್ನು ತನ್ನ ಕೆಲಸ ಮುಗಿಯಿತೆಂದುಕೊಂಡು ಸ್ಪ್ಯಾನರ್‌ಗಳನ್ನು ಒರೆಸಿ, ಸ್ಟೂಲು ಹತ್ತಿ ಗೋಡೆಯ ಮೇಲಿನ ಸಾಲಿಗೆ ತೂಗುಹಾಕುತ್ತಿದ್ದಳು. ಕಲೀಂ ಬಿಳಿಚಿಕೊಂಡ ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿ ನೋಡುತ್ತ, "ಅರ್ಧ ಕೆಳಗಿನ ಸಾಲಿಗೆ ಹಾಕು" ಎಂದ. "ಮೇಲಿನದು ನಿನಗೆ ಎಟುಕಲ್ಲ."

ಅವಳು ಕೆಳಗಿನ ಸಾಲಿಗೆ ತನಗೆ ಒಪ್ಪುವ ಆರು ಸ್ಪ್ಯಾನರ್‌ಗಳನ್ನು ಆರಿಸಿಕೊಂಡಳು.