ಖಾಲಿ ಬಿಟ್ಟ ದಿನಾಂಕ

ಕಸದ ಡಬ್ಬಿಯನ್ನು ಗೇಟಿನ ಕಡೆ ಎಳೆಯುತ್ತಿದ್ದಾಗ ಅದರ ಒಂದು ಗಾಲಿ ಕಳಚಿ ಚರಂಡಿಗೆ ಉರುಳಿತು. ಶರ್ಮಿಳಾ ಬಗ್ಗಿ ನೋಡಿದಳು. ಗಾಲಿಗೆ ಸುತ್ತಿದ್ದ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಅದನ್ನು ಸುತ್ತಿದವನು ಗಂಡ ವಿಠಲ. ಹೊಸ ಡಬ್ಬಿ ತರೋಣ ಎಂದಿದ್ದಕ್ಕೆ, "ಇದು ಇನ್ನೂ ಒಂದು ವರ್ಷ ಬರ್ತದೆ ಮಾರಾಯ್ತಿ" ಎಂದಿದ್ದ. ವರ್ಷ ತುಂಬಲು ಇನ್ನೂ ಎರಡು ತಿಂಗಳಿತ್ತು.

ಅಂದು ಬುಧವಾರ, ಪುಚೊಂಗ್‌ನ ಆ ಬೀದಿಗೆ ಕಸದ ಲಾರಿ ಬರುವ ದಿನ. ವಿಠಲನ ದಹನವಾದದ್ದು ಹಿಂದಿನ ಮಧ್ಯಾಹ್ನ. ಲಾರಿ ಎಂದಿನಂತೆ ಏಳೂವರೆಗೆ ಬಂತು. ಲಾರಿಯವನು ಒಂದೇ ಗಾಲಿಯ ಡಬ್ಬಿಯನ್ನು ಎತ್ತಿ ಖಾಲಿ ಮಾಡಿ, ಬೀಳದಂತೆ ಗೋಡೆಗೆ ಒರಗಿಸಿ ಹೋದ.

ಒಳಗೆ ಬಂದಾಗ ಫೋನಿನಲ್ಲಿ ದೇವೇಂದ್ರನ್ ಕಳಿಸಿದ ಸಂದೇಶವಿತ್ತು. ಅವರು ರೋಗಾಣುಗಳ ಮೂಲ ಹುಡುಕುವ ವಿಠಲನ ಲ್ಯಾಬಿನ ಟೆಕ್ನಿಷಿಯನ್, ಈಪೋ ಊರಿನ ತಮಿಳರು. ಆರು ವರ್ಷ ವಿಠಲನ ಪಕ್ಕದಲ್ಲಿ ನಿಂತು ಅಷ್ಟಿಷ್ಟು ಕನ್ನಡ ಕಲಿತಿದ್ದರು, ಅದಕ್ಕೆ ಮಲಯ್ ಬೆರೆಸುತ್ತಿದ್ದರು.

"ಅಕ್ಕ, ಮಕಾನ್ ಆಯ್ತಾ?"

ಊಟವಾಗಿರಲಿಲ್ಲ. ಆಯ್ತು ಎಂದು ಬರೆದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. "ಏನಾದರು ಬೇಕಾ ಅಕ್ಕ? ತಪಾವ್ ಪಾರ್ಸೆಲ್ ತಂದು ಗೇಟಲ್ಲಿ ಇಡ್ತೇನೆ." ಬೇಡ ಎಂದಳು. ಆಮೇಲೆ ಅವರು ಏನೋ ಬರೆಯುತ್ತಿರುವ ಗುರುತು ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು. ಏನೂ ಬರಲಿಲ್ಲ.

ಶರ್ಮಿಳಾ ಮಾಂಟ್ ಕಿಯಾರಾದ ಒಂದು ಶಾಲೆಯಲ್ಲಿ ಲೈಬ್ರರಿಯನ್. ಪುಸ್ತಕ ವಾಪಸು ಬೇಕು, ಆದರೆ ಕೇಳಲು ಬಾಯಿ ಬರುತ್ತಿಲ್ಲ ಎನ್ನುವವರನ್ನು ಅವಳು ಬೇಗ ಗುರುತಿಸುತ್ತಿದ್ದಳು. ದೇವೇಂದ್ರನ್ ಕೇಳಲಾರದೆ ಇದ್ದದ್ದು ಏನನ್ನು ಎಂಬುದೂ ಗೊತ್ತಿತ್ತು. ಅದು ಹಿಂದಿನ ಕೋಣೆಯ ಮೇಜಿನ ಮೇಲೆ, ಥರ್ಮಾಮೀಟರಿನ ಕೆಳಗೆ ಇತ್ತು. ವಿಠಲನನ್ನು ಆಂಬ್ಯುಲೆನ್ಸಿಗೆ ಹತ್ತಿಸಿದ ಮೇಲೆ ಅವಳು ಆ ಕೋಣೆಯ ಬಾಗಿಲು ತೆರೆದಿರಲಿಲ್ಲ.

*

ಹಿಂದಿನ ದಿನ ಚಿತಾಗಾರದ ಹೊರಗೆ ಹಳದಿ ಗೆರೆಗಳನ್ನು ಎಳೆದಿದ್ದರು. ಗೆರೆಗೆ ಒಬ್ಬರಂತೆ ನಿಲ್ಲಬೇಕಿತ್ತು. ಇದ್ದದ್ದು ನಾಲ್ಕೇ ಜನ. ಶರ್ಮಿಳಾ, ಪಕ್ಕದ ಬೀದಿಯ ಜಯಮಾಲಾ, ಕ್ಲಾಂಗ್ ಬಂದರಿನಲ್ಲಿ ಕೆಲಸ ಮಾಡುವ ನಾಣಿ, ದೇವೇಂದ್ರನ್. ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿತ್ತು. ಬಿಳಿ ಕವಚದ ಇಬ್ಬರು ಅದನ್ನು ಇಳಿಸಿ, ಹತ್ತು ನಿಮಿಷ ಎಂದು ಕೈಬೆರಳು ತೋರಿಸಿದರು.

ನಾಣಿ ವಿಠಲನ ಜೊತೆ ಮಲ್ಪೆಯ ಶಾಲೆಯಲ್ಲಿ ಓದಿದವನು. ಅವನು ಮಾಸ್ಕಿನ ಒಳಗಿಂದಲೇ ಹೇಳಿದ. "ನನ್ನ ಮದುವೆಗೆ ತಾಳಿ ಕಟ್ಟಿ ಆದ ಮೇಲೆ ಬಂದವ ಇವ. ಇವತ್ತು ಮಾತ್ರ ನಮಗಿಂತ ಮೊದಲೇ ಬಂದು ಮಲಗಿದ್ದಾನೆ ನೋಡಿ."

ನಾಣಿ ಆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡ.

ಜಯಮಾಲಾ ಫೋನನ್ನು ಎತ್ತಿ ಹಿಡಿದಿದ್ದರು. ಪರದೆಯಲ್ಲಿ ಮಲ್ಪೆಯ ಮನೆಯ ಜಗಲಿ, ಅತ್ತೆ ವೇದವತಿಯ ಮುಖ. ಅವರಿಗೆ ಬರಲು ವಿಮಾನವಿರಲಿಲ್ಲ.

"ಮುಖ ಒಮ್ಮೆ ತೋರ್ಸಿ ಅಮ್ಮ."

"ಓಪನ್ ಮಾಡೋ ಹಾಗಿಲ್ಲಮ್ಮ, ರೂಲ್ಸು" ಎಂದರು ಜಯಮಾಲಾ.

"ಬಾಯಿಗೆ ತುಳಸಿ ನೀರಾದ್ರೂ ಬಿಟ್ರಾ? ಅದೂ ಇಲ್ವಾ?"

ನಾಣಿ ಶರ್ಟಿನ ಜೇಬಿನಿಂದ ತುಳಸಿಯ ಕುಡಿ ತೆಗೆದು ಪ್ಲಾಸ್ಟಿಕ್ಕಿನ ಮೇಲೆ ಇಟ್ಟ. ಅದು ಜಾರಿತು. ಮತ್ತೆ ಇಟ್ಟ. ಮತ್ತೆ ಜಾರಿತು. ಜಯಮಾಲಾ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವವರು; ಅವರ ಕೈಚೀಲದಲ್ಲಿ ಗಾಯಕ್ಕೆ ಹಚ್ಚುವ ಟೇಪು ಇತ್ತು. ಒಂದು ತುಂಡು ಹರಿದು ಕೊಟ್ಟರು. ಶರ್ಮಿಳಾ ತುಳಸಿಯನ್ನು ಪೆಟ್ಟಿಗೆಗೆ ಅಂಟಿಸಿದಳು. ಎದೆ ಎಲ್ಲಿರಬಹುದು ಎಂದು ಅಂದಾಜು ಮಾಡಿ ಅಂಟಿಸಿದಳು.

ಪೆಟ್ಟಿಗೆ ಒಳಗೆ ಹೋದ ಮೇಲೂ ಫೋನು ಎತ್ತಿಯೇ ಇತ್ತು.

"ಶರ್ಮಿಳಾ," ಅತ್ತೆ ಕರೆದರು. "ಅವ ಹೊರಗೆ ಎಲ್ಲಿಗೂ ಹೋಗ್ತಾ ಇರ್ಲಿಲ್ಲ. ಲ್ಯಾಬ್ ಬಿಟ್ರೆ ಮನೆ. ಅಲ್ಲಿ ಮೈತುಂಬಾ ಕವಚ ಕಟ್ಟಿಕೊಂಡೇ ಕೆಲಸ ಮಾಡುದು ಅಂತ ಅವನೇ ಹೇಳಿದ್ದ. ಮತ್ತೆ ಯಾರಿಂದ ಬಂತು ಮಗಾ ಅವನಿಗೆ?"

ಶರ್ಮಿಳಾ ಪರದೆಯನ್ನು ನೋಡಿದಳು.

"ಗೊತ್ತಿಲ್ಲ ಅತ್ತೆ."

ಮರಳುವಾಗ ಕಾರಿನ ಹತ್ತಿರ ದೇವೇಂದ್ರನ್ ಬಂದು ನಿಂತರು. ಹೇಳಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಕಾರಿನ ಕೀ ತಿರುಗಿಸುತ್ತಿದ್ದರು.

"ಅಕ್ಕ, ಕೋವಿಡ್ ವೈರಸ್ ಹೋಗಿತ್ತು. ಲಾಸ್ಟ್ ವೀಕ್ ಟೆಸ್ಟ್ ನೆಗೆಟಿವ್. ನಮ್ಮ ವಿಠಲ್ ಡಾಕ್ಟರನ್ನ ತಗೊಂಡು ಹೋದದ್ದು ಬೇರೆ. ಐಸಿಯು ಬ್ಯಾಕ್ಟೀರಿಯಾ. ಬ್ಲಡ್‌ಗೆ ಹೋಯ್ತು. ಏಳು ಆಂಟಿಬಯೋಟಿಕ್ ಹಾಕಿದ್ರು, ಏಳೂ ವೇಸ್ಟ್ ಲಾ."

"ಎಂತ ಬ್ಯಾಕ್ಟೀರಿಯಾ ಅದು?" ಎಂದ ನಾಣಿ.

"ಡಾಕ್ಟರ್‌ಗೆ ಗೊತ್ತಿರೋದೇ. ಎರಡು ವರ್ಷ ಅವರು ಅದರ ಹಿಂದೆ ಹೋಗಿದ್ರು. ಪ್ರತಿ ಪೇಶೆಂಟಿನ ಬ್ಯಾಕ್ಟೀರಿಯಾದ ಜೀನೋಮ್ ಓದಿ, ಯಾವುದರಿಂದ ಯಾವುದು ಹುಟ್ಟಿತು ಅಂತ ವಂಶದ ಮರ ಬರೆದು, ವಾರ್ಡಿನ ವಾಷ್ ಬೇಸಿನ್ ಪೈಪಿಂದ ಬರ್ತಿದೆ ಅಂತ ತೋರಿಸಿದ್ರು. ಪೈಪ್ ತೆಗೆಸಿದ್ರು ಕೂಡ. ಸ್ವಲ್ಪ ಎಲ್ಲೋ ಉಳಿದಿತ್ತು." ಅವರು ಧ್ವನಿ ತಗ್ಗಿಸಿದರು. "ನಾನೇ ಓದಿದೆ ಅಕ್ಕ. ಅದೇ ಕೊಂಬೆ."

"ಕೇಳಿದೆಯಲ್ಲ ಶರ್ಮಿಳಾ," ಜಯಮಾಲಾ ಅವಳ ಭುಜ ಹಿಡಿದರು. "ಆಸ್ಪತ್ರೆದು. ಮನೆಯಿಂದ ಹೋಗಿದ್ದಲ್ಲ. ನೀನು ಅದನ್ನೆಲ್ಲ ತಲೆಗೆ ಹಾಕ್ಕೋಬೇಡ."

ಆಸ್ಪತ್ರೆಗೆ ಅವನು ಹೋದದ್ದು ಯಾತಕ್ಕೆ ಎಂದು ಶರ್ಮಿಳಾ ಕೇಳಲಿಲ್ಲ.

*

ಜನವರಿಯಲ್ಲಿ, ಮರುದಿನದಿಂದ ಮತ್ತೆ ಲಾಕ್‌ಡೌನ್ ಎಂದು ಗೊತ್ತಾದ ಮಂಗಳವಾರ, ಅವಳು ಶಾಲೆಗೆ ಹೋಗಿದ್ದಳು. ಮಕ್ಕಳು ಎಷ್ಟು ದಿನ ಮನೆಯಲ್ಲಿರಬೇಕೋ, ಓದಲು ಏನಾದರೂ ಕೊಟ್ಟು ಕಳಿಸೋಣ ಎಂದು ಅವಳೇ ಪ್ರಿನ್ಸಿಪಾಲರಿಗೆ ಹೇಳಿದ್ದಳು. ಬೇಡ ಎಂದಿದ್ದ ವಿಠಲ. ಗೇಟಿನಲ್ಲಿ ಮೇಜು ಹಾಕಿ, ಕಾರುಗಳ ಕಿಟಕಿಯೊಳಗೆ ಸಂಜೆಯವರೆಗೆ ಪುಸ್ತಕಗಳನ್ನು ಕೊಟ್ಟಳು. ಮುನ್ನೂರ ಹತ್ತು ಪುಸ್ತಕ.

ಶುಕ್ರವಾರ ಬೆಳಿಗ್ಗೆ ಗಂಟಲು ಕೆರೆಯಿತು. ಸಂಜೆ ವಿಠಲ ಮನೆಗೆ ಬಂದಾಗ ಅವನ ಕಂಕುಳಲ್ಲಿ ಹಸಿರು ರಟ್ಟಿನ ದಪ್ಪ ರಿಜಿಸ್ಟರ್ ಇತ್ತು.

"ಇದು ಲ್ಯಾಬ್ ಬಿಟ್ಟು ಹೊರಗೆ ಬರುವ ಹಾಗಿಲ್ಲ," ಎಂದ. "ದೇವೇಂದ್ರನ್ ಹತ್ರ ಕಾಲು ಹಿಡಿದು ಮೂರು ದಿನಕ್ಕೆ ಕಡ ತಂದದ್ದು. ಚೀಟಿಯಲ್ಲಿ ಅವನೇ ಜಾಮೀನು."

"ಮೂರು ದಿನ ಅಂದ್ರೆ ಮೂರು ದಿನ. ನೀನು ನನ್ನ ಲೈಬ್ರರಿ ಮೆಂಬರ್ ಆಗಿದ್ರೆ ಎಂದೋ ಕಾರ್ಡು ಕಿತ್ಕೊಂಡಿರ್ತಿದ್ದೆ."

ಅವಳು ಕೆಮ್ಮಿದಳು. ವಿಠಲ ತಲೆ ಎತ್ತಿದ.

"ಎಂತ ಕೆಮ್ಮು?"

"ಧೂಳು. ಹಳೇ ಕಪಾಟುಗಳದ್ದು."

ಅವನು ಇನ್ನೇನೂ ಕೇಳಲಿಲ್ಲ. ಅವಳು ಅಡುಗೆಮನೆಗೆ ಹೋಗಿ ಎರಡು ಪ್ಯಾನಡಾಲ್ ನುಂಗಿದಳು. ಅವನು ಬೇಡ ಎಂದ ಕೆಲಸಕ್ಕೆ ಹೋಗಿ ಬಂದವಳು ತಾನು. ಎರಡು ದಿನದಲ್ಲಿ ಕಡಿಮೆಯಾದರೆ ಹೇಳುವ ಅಗತ್ಯವೇ ಇರುವುದಿಲ್ಲ ಎಂದುಕೊಂಡಳು.

ಊಟವಾದ ಮೇಲೆ ರಿಜಿಸ್ಟರ್ ಬಿಡಿಸಿ ತೋರಿಸಿದ. ಲ್ಯಾಬಿನಲ್ಲಿ ರೋಗಿಗಳ ಮಾದರಿ ಇರುವ ಯಾವ ಕೊಳವೆಯ ಮೇಲೂ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದು ಎಂಬುದು ಇದೊಂದರಲ್ಲಿ ಇತ್ತು. ಕೊನೆಯ ಅಂಕಣದಲ್ಲಿ ರೋಗ ಶುರುವಾದ ದಿನ.

"ನಿನ್ನ ಭಾಷೆಯಲ್ಲೇ ಹೇಳ್ತೇನೆ," ಎಂದ. "ಒಂದು ಪುಸ್ತಕವನ್ನು ಕೈಯಲ್ಲಿ ನಕಲು ಮಾಡ್ತಾರೆ ಅಂತ ತಿಳ್ಕೋ. ಪ್ರತಿ ನಕಲಲ್ಲೂ ಒಂದೆರಡು ಅಕ್ಷರ ತಪ್ತದೆ. ಎರಡು ಪ್ರತಿಯಲ್ಲಿ ಒಂದೇ ತಪ್ಪು ಇದ್ರೆ, ಒಂದನ್ನು ನೋಡಿ ಇನ್ನೊಂದು ಬರೆದದ್ದು. ವೈರಸ್ಸೂ ಅಷ್ಟೇ, ಬ್ಯಾಕ್ಟೀರಿಯಾವೂ ಅಷ್ಟೇ."

"ಯಾವುದನ್ನ ನೋಡಿ ಯಾವುದು ಬರೆದದ್ದು ಅಂತ ಹೇಗೆ ಗೊತ್ತಾಗತ್ತೆ?"

"ತಪ್ಪುಗಳು ಒಂದೇ ಇದ್ರೆ ಗೊತ್ತಾಗುದಿಲ್ಲ. ಅದಕ್ಕೇ ತಾರೀಕು."

ರಿಜಿಸ್ಟರಿನ ಮೊದಲ ಪುಟದಲ್ಲಿ ಅವನದೇ ಕೈಬರಹದ ಇಂಗ್ಲಿಷಿನಲ್ಲಿ ಒಂದು ಸೂಚನೆ ಇತ್ತು. ದಿನಾಂಕದ ಜಾಗ ಖಾಲಿ ಬಿಡಬಾರದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯಬೇಕು. ಆ ಶನಿವಾರವಿಡೀ ಅವನು ರೋಗಿಗಳಿಗೆ ಫೋನ್ ಮಾಡಿದ. ಮಲಯ್‌ನಲ್ಲಿ, ಇಂಗ್ಲಿಷಿನಲ್ಲಿ, ಅರೆಬರೆ ತಮಿಳಿನಲ್ಲಿ, ನಲವತ್ತು ಮಂದಿಗೆ ಅದೇ ಪ್ರಶ್ನೆ. ಮೊದಲ ದಿನ ಯಾವುದು? ಸರಿಯಾಗಿ ನೆನಪು ಮಾಡಿಕೊಳ್ಳಿ, ಅವಸರವಿಲ್ಲ. ಒಳಗಿನ ಕೋಣೆಯಲ್ಲಿ ಅವಳು ದಿಂಬಿಗೆ ಬಾಯಿ ಒತ್ತಿ ಕೆಮ್ಮುತ್ತಿದ್ದಳು.

ಭಾನುವಾರ ಸಂಜೆ ಹೇಳಿದಳು. "ನಂಗೆ ಇವತ್ತಿಂದ ಯಾಕೋ ಗಂಟಲು ನೋವು."

"ಹೌದಾ," ಎಂದ ಅವನು. ಎದ್ದು ಹೋಗಿ ಬಿಸಿನೀರಿಗೆ ಉಪ್ಪು ಹಾಕಿ ತಂದುಕೊಟ್ಟ. ಸೋಮವಾರ ಅವನಿಗೆ ಜ್ವರ ಬಂತು.

*

ಈಗ ಅವಳು ಕೋಣೆಯ ಬಾಗಿಲು ತೆರೆದಳು. ಥರ್ಮಾಮೀಟರ್ ಎತ್ತಿ ಪಕ್ಕಕ್ಕಿಟ್ಟು, ರಿಜಿಸ್ಟರನ್ನು ಹೊರಗೆ ತಂದಳು. ವಾಪಸು ಬಂದ ಪುಸ್ತಕದ ಹಾಳೆಗಳನ್ನು ತಿರುವಿ ನೋಡದೆ ಒಳಗಿಟ್ಟು ಅವಳಿಗೆ ಅಭ್ಯಾಸವಿರಲಿಲ್ಲ. ಬಟ್ಟೆಯಿಂದ ರಟ್ಟು ಒರೆಸಿ, ಒಂದೊಂದೇ ಹಾಳೆ ತಿರುವಿದಳು. ಪುಟದ ನಂತರ ಪುಟ, ಕೊನೆಯ ಅಂಕಣ ತುಂಬಿತ್ತು. ಅಲ್ಲಲ್ಲಿ ಗೊತ್ತಿಲ್ಲ ಎಂದಿತ್ತು.

ಕೊನೆಯ ಎರಡು ಸಾಲು ಅವರಿಬ್ಬರ ಪರೀಕ್ಷೆಯದು. 213, ವಿಠಲ. ಶುರುವಾದ ದಿನ, ಜನವರಿ 18, ಸೋಮವಾರ. ಅದರ ಮೇಲಿನದು 212, ಶರ್ಮಿಳಾ.

ಮುಂದಿನ ಚೌಕ ಖಾಲಿ.

ಅವಳು ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಬರೆದು ಅಳಿಸಿದ ಗುರುತೇನೂ ಇರಲಿಲ್ಲ. ಭಾನುವಾರದ ತಾರೀಕು ಇರಲಿಲ್ಲ. ಗೊತ್ತಿಲ್ಲ ಎಂದೂ ಇರಲಿಲ್ಲ. ಪೆನ್ನಿನ ತುದಿ ಊರಿದ ಒಂದು ಚುಕ್ಕೆ ಮಾತ್ರ ಇತ್ತು.

ರಿಜಿಸ್ಟರನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಎದುರು ಮನೆಯ ಹುಡುಗಿ ಆನ್‌ಲೈನ್ ಕ್ಲಾಸಿನಲ್ಲಿ ಮಗ್ಗಿ ಒಪ್ಪಿಸುತ್ತಿದ್ದಳು. ಆಮೇಲೆ ದೇವೇಂದ್ರನ್‌ಗೆ ಬರೆದಳು. ತರುತ್ತಿದ್ದೇನೆ.

ಲ್ಯಾಬಿನ ಹೊರಗೆ, ಬಿಸಿಲಿನಲ್ಲಿ, ಅವರು ಮೊದಲೇ ಬಂದು ನಿಂತಿದ್ದರು.

"ಅಯ್ಯೋ ಅಕ್ಕ, ಇವತ್ತೇ ಯಾಕೆ? ನಾನು ಕೇಳ್ಲೇ ಇಲ್ಲ."

"ಕೇಳ್ಬೇಕಿತ್ತು. ಮೂರು ದಿನಕ್ಕೆ ತಂದಿದ್ದು, ಒಂದು ತಿಂಗಳು ಮೀರಿದೆ. ಅವರ ಪರವಾಗಿ ಸಾರಿ."

ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ಕಾರಿನ ಬಾನೆಟ್ ಮೇಲಿಟ್ಟು, ನೇರ ಕೊನೆಯ ಪುಟ ತೆಗೆದರು. "ಶುಕ್ರವಾರ ಎಲ್ಲ ಸೀಕ್ವೆನ್ಸ್ ಕಳಿಸ್ಬೇಕು, ತಾರೀಕು ಜೊತೆ. ಅದಕ್ಕೇ ಸ್ವಲ್ಪ ಟೆನ್ಷನ್." ಬೆರಳು ಖಾಲಿ ಚೌಕದ ಹತ್ತಿರ ನಿಂತಿತು. "ಓ. ಇದು ಡಾಕ್ಟರ್ ಫೋನಲ್ಲಿ ಹೇಳಿದ್ರು. ಅಕ್ಕನ್ನ ಕೇಳಿ ಬರೀತೇನೆ ಅಂತ. ಕೇಳ್ಲಿಲ್ಲವಾ?"

"ಇಲ್ಲ."

ಆಂಬ್ಯುಲೆನ್ಸ್ ಬರುವ ಮುಂಚೆ ಇಬ್ಬರೂ ಐದು ದಿನ ಅದೇ ಮನೆಯಲ್ಲಿದ್ದರು.

ದೇವೇಂದ್ರನ್ ಅವಳ ಮುಖ ನೋಡಿದರು, ಮತ್ತೆ ಪುಟ ನೋಡಿದರು. ಎರಡೂ ಸಂಖ್ಯೆಗಳ ವೈರಸ್ಸನ್ನು ಅವರೇ ಓದಿದ್ದರು; ತಪ್ಪುಗಳು ಒಂದೇ ಇದ್ದವು. ಜೇಬಿನಿಂದ ಪೆನ್ನು ತೆಗೆದರು.

"ಪರವಾಗಿಲ್ಲ ಅಕ್ಕ. ನಾನು ಗೊತ್ತಿಲ್ಲ ಅಂತ ಬರೀತೇನೆ. ರೂಲ್ಸಲ್ಲಿ ಇದೆ. ಯಾರೂ ಕೇಳಲ್ಲ ಲಾ."

"ಗೊತ್ತು," ಎಂದಳು ಶರ್ಮಿಳಾ.

ಪೆನ್ನಿಗೆ ಕೈ ಚಾಚಿದಳು. ಬಾನೆಟ್ ಸುಡುತ್ತಿತ್ತು. ಮೊಣಕೈ ಊರದೆ, ಚುಕ್ಕೆಯಿಂದಲೇ ಶುರು ಮಾಡಿ, ಪುಸ್ತಕಗಳಿಗೆ ಸಂಖ್ಯೆ ಹಾಕುವ ತನ್ನ ನೆಟ್ಟಗಿನ ಅಕ್ಷರದಲ್ಲಿ ಬರೆದಳು. ಜನವರಿ 15, ಶುಕ್ರವಾರ.

ದೇವೇಂದ್ರನ್ ರಿಜಿಸ್ಟರನ್ನು ತಕ್ಷಣ ಮುಚ್ಚಲಿಲ್ಲ. ಮುಚ್ಚಿದರೆ ಹಸಿ ಶಾಯಿ ಎದುರು ಪುಟಕ್ಕೆ ಹತ್ತುತ್ತಿತ್ತು. ಎರಡು ಅಂಗೈ ಮೇಲೆ ಅದನ್ನು ಬಿಡಿಸಿ ಹಿಡಿದು, ಒಣಗುವವರೆಗೆ ಬಿಸಿಲಿನಲ್ಲಿ ನಿಂತೇ ಇದ್ದರು. ಅವಳೂ ನಿಂತಿದ್ದಳು.