ಪೆಟ್ಟಿಗೆಯಿಂದ ಎದ್ದ ಅಜ್ಜಿ

ಬಣ್ಣದ ದೀಪಗಳಲ್ಲೇ ಹೊತ್ತು ಹುಟ್ಟಿ ಮುಳುಗುವ ಒಂದು ರಾಜ್ಯದಲ್ಲಿ, ರಾಜನ ಕಾಲಬುಡದಲ್ಲಿ ಒಬ್ಬ ಅಜ್ಜಿ ಇದ್ದಳಂತೆ. ಅವಳು ಪಿಸುಗುಟ್ಟಿದರೆ ರಾಜ ಗುಡುಗುತ್ತಿದ್ದ. ಅವಳು ಸುಮ್ಮನಾದರೆ ಇಡೀ ಆಸ್ಥಾನ ಬೆಬ್ಬೆಬ್ಬೆ ಅನ್ನುತ್ತಿತ್ತು.

ಇದ್ದಳಂತೆ ಅನ್ನುವುದೇನು ಬಂತು, ಅವಳು ನನ್ನಜ್ಜಿಯೇ. ನಾಟಕ ಕಂಪನಿಯ ಪ್ರಾಂಪ್ಟರ್. ವೇದಿಕೆಯ ಅಂಚಿನಲ್ಲಿ ಯಾರಿಗೂ ಕಾಣದಂತೆ ಇಳಿಸಿದ ಮರದ ಪೆಟ್ಟಿಗೆಯೊಳಗೆ ಕೂತು, ಮಾತು ಮರೆತವರಿಗೆ ಮಾತು ಎತ್ತಿಕೊಡುವುದು ಅವಳ ಕೆಲಸ. ಪರದೆಯ ಹಗ್ಗ ಎಳೆಯುವುದು ನನ್ನದು.

ನಾಟಕ ಮುಗಿಯುವವರೆಗೆ ಪೆಟ್ಟಿಗೆ ಬಿಟ್ಟು ಏಳಬಾರದೆಂಬುದು ಅಜ್ಜಿಯ ಹಟ. ಅದಕ್ಕೇ ಆಟದ ದಿನ ಬೆಳಗಿನಿಂದ ನೀರು ಮುಟ್ಟುತ್ತಿರಲಿಲ್ಲ. ಮೊದಲೇ ಸಕ್ಕರೆ ಕಾಯಿಲೆ. ಉರಿಮೂತ್ರ ಹೋದ ಹಾಗೆ ಮಾಡಿ ಮತ್ತೆ ಮತ್ತೆ ಬಂತು. ಕಳೆದ ಆಟದ ದಿನ ಜ್ವರ, ನಡುಕ, ಸೊಂಟನೋವು ಒಟ್ಟಿಗೇ ಬಂದು ಅವಳು ಆಸ್ಪತ್ರೆ ಸೇರಿದಳು. ಇತ್ತ ರಾಜ ಮಂತ್ರಿಯ ಮಾತನ್ನೆಲ್ಲ ತಾನೇ ಆಡಿ ಮುಗಿಸಿದ. ಇನ್ನೊಮ್ಮೆ ಹೀಗಾದರೆ ಪೆಟ್ಟಿಗೆಯಲ್ಲಿ ಬೇರೆಯವರನ್ನು ಕೂರಿಸಬೇಕಾಗುತ್ತದೆಂದು ನಿರ್ದೇಶಕರು ಕಸಿವಿಸಿಯಿಂದಲೇ ತಿಳಿಸಿದರು.

"ಮುಂದಿನ ಆಟ ಕೊನೇ ಮಾತಿನವರೆಗೂ ನಾನೇ ದಾಟಿಸ್ತೀನಿ. ಮಾತು ಕೊಟ್ಟಿದೀನಿ," ಅಂದಳು ಅಜ್ಜಿ.

ಡಾಕ್ಟರಮ್ಮ ಕಥೆಯೆಲ್ಲ ಕೇಳಿ ನಕ್ಕರು, ಆಮೇಲೆ ಬೈದರು. "ನೀರೂ ಕುಡಿಯಲ್ಲ, ಬಂದಿದ್ದನ್ನೂ ಕಟ್ಕೊಂಡು ಕೂರ್ತೀರ. ಕ್ರಿಮಿಗಳಿಗೆ ನೀವೇ ಕುರ್ಚಿ ಹಾಕ್ಕೊಟ್ಟ ಹಾಗಾಯ್ತಲ್ಲ ಅಜ್ಜಿ. ಮೇಲಿಂದ ಶುಗರ್ ಜಾಸ್ತಿ, ಅವಕ್ಕೆ ಸಿಹಿಯೂಟ."

ದಿನವಿಡೀ ಸ್ವಲ್ಪಸ್ವಲ್ಪ ನೀರು ಕುಡಿಯಬೇಕು, ಬಂದಾಗ ಹೋಗಬೇಕು, ಪೂರ್ತಿಯಾಗುವ ಮೊದಲೇ ಎದ್ದು ಬರಬಾರದು, ಮುಂದಿನಿಂದ ಹಿಂದಕ್ಕೆ ಒರೆಸಿಕೊಳ್ಳಬೇಕು ಎಂದೆಲ್ಲ ಹೇಳಿದರು. ಎಲ್ಲಕ್ಕಿಂತ ಮೊದಲು ಶುಗರ್ ಹತೋಟಿಗೆ ಬರಬೇಕು. ಉರಿ ನಿಂತಿತೆಂದು ಮಾತ್ರೆ ನಿಲ್ಲಿಸಿದ್ದುಂಟೇ ಎಂದು ಕೇಳಿದಾಗ ಅಜ್ಜಿ ಚಾವಣಿ ನೋಡಿದಳು. ಮಿಕ್ಕ ಮಾತ್ರೆಗಳೆಲ್ಲ ಅವಳ ಅಂಗಿ ಗುಂಡಿಗಳ ಡಬ್ಬಿಯಲ್ಲಿದ್ದವು, ಮುಂದಿನ ಸಲಕ್ಕೆಂದು.

ಅಜ್ಜಿ ಇದನ್ನೆಲ್ಲ ಹೊಸ ನಾಟಕದ ಹಾಗೆ ಬಾಯಿಪಾಠ ಮಾಡಿದಳು. ಈ ಸಲದ ಮಾತ್ರೆಗಳನ್ನು ಒಂದೂ ಬಿಡದೆ ಮುಗಿಸಿದಳು. ಸಂಜೆ ನಡಿಗೆ ಶುರುವಾಯಿತು, ಶುಗರ್ ಇಳಿಯಿತು, ಉರಿ ಮತ್ತೆ ಇತ್ತ ತಲೆ ಹಾಕಲಿಲ್ಲ. ಆಟದ ದಿನ ನೀರಿನ ಬಾಟಲಿಯನ್ನು ಮಗುವಿನಂತೆ ಕಂಕುಳಲ್ಲಿಟ್ಟುಕೊಂಡು ಪೆಟ್ಟಿಗೆಗೆ ಇಳಿದಳು.

ಎರಡನೇ ಅಂಕ. ರಾಜ ಕತ್ತಿ ಹಿರಿದು ರಾಣಿಯ ಮುಂದೆ ನಿಂತಿದ್ದಾನೆ. ಪೆಟ್ಟಿಗೆಯಲ್ಲಿ ಅಜ್ಜಿಯ ಬಿಳಿತಲೆ ಅತ್ತಿತ್ತ ಆಡುವುದು ನನಗೆ ಕಂಡಿತು. ಹಳೆಯ ಅಜ್ಜಿಯಾಗಿದ್ದರೆ ಹಲ್ಲು ಕಚ್ಚಿ ಕೂರುತ್ತಿದ್ದಳು. ಈ ಅಜ್ಜಿ ಕತ್ತು ಚಾಚಿ ರಾಜನಿಗೆ ಪಿಸುಗುಟ್ಟಿದಳು: "ಸ್ವಲ್ಪ ತಾಳು, ಹೋಗಿ ಬರ್ತೀನಿ."

ನಮ್ಮ ರಾಜನ ದೊಡ್ಡ ಗುಣವೆಂದರೆ, ಪೆಟ್ಟಿಗೆಯಿಂದ ಏನೇ ಬರಲಿ, ಯೋಚಿಸದೆ ಹೇಳಿಬಿಡುತ್ತಾನೆ.

"ಸ್ವಲ್ಪ ತಾಳು, ಹೋಗಿ ಬರ್ತೀನಿ!" ಎಂದು ಗುಡುಗಿ, ಕತ್ತಿ ಒರೆಗೆ ಸೇರಿಸಿ, ರಾಜ ಹೊರಟೇಹೋದ.

ರಾಣಿ ಪೆಟ್ಟಿಗೆ ನೋಡಿದಳು, ಖಾಲಿ. ನನ್ನನ್ನು ನೋಡಿದಳು, ನಾನು ಹಗ್ಗ ನೋಡಿದೆ. ಕೊನೆಗೆ ಪಾಪ, ಸಿಂಹಾಸನದಲ್ಲಿ ಕೂತು ಬಳೆ ಎಣಿಸತೊಡಗಿದಳು. ಪ್ರೇಕ್ಷಕರ ಸಭೆಯಲ್ಲಿ ಯಾರೋ ಕಿಸಕ್ಕೆಂದರು.

ಪೆಟ್ಟಿಗೆಯಿಂದ ವೇದಿಕೆಯ ಕೆಳಗೆ ಹಾಯುವ ದಾರಿ ನನ್ನ ಬೆನ್ನ ಹಿಂದಿನ ಓಣಿಗೇ ಬರುತ್ತದೆ. ಶೌಚಾಲಯವೂ ಅಲ್ಲೇ. ಅದರ ಬಾಗಿಲ ಮುಂದೆ ರಾಜ ಕಿರೀಟ ಹೊತ್ತು ನಿಂತಿದ್ದ.

"ಅಜ್ಜಿ, ನಾನೀಗ ಎಲ್ಲಿಗೆ ಹೋಗ್ಬೇಕು?"

"ನೀನೆಲ್ಲಿಗೂ ಹೋಗ್ಬೇಕಾಗಿರ್ಲಿಲ್ಲಪ್ಪ," ಒಳಗಿಂದ ಸಾವಧಾನದ ಉತ್ತರ. "ನಾನು ಹೋಗ್ಬೇಕಾಗಿತ್ತು."

ಅಷ್ಟರಲ್ಲಿ ನಿರ್ದೇಶಕರು ತಲೆಗೂದಲು ಹಿಡಿದುಕೊಂಡೇ ಓಡಿಬಂದು ಬಾಗಿಲು ತಟ್ಟಿದರು. ಅವಸರ ಮಾಡಬಾರದೆಂದು ಡಾಕ್ಟರಮ್ಮ ಹೇಳಿದ್ದಾರೆ, ಪೂರ್ತಿಯಾಗಲಿ ಎಂದಳು ಅಜ್ಜಿ. ಪೂರ್ತಿಯಾಯಿತು.

ಅಜ್ಜಿ ಪೆಟ್ಟಿಗೆಗೆ, ರಾಜ ವೇದಿಕೆಗೆ. ಬಳೆಗಳನ್ನೆಲ್ಲ ಎಣಿಸಿ ಮುಗಿಸಿದ್ದ ರಾಣಿ ತನ್ನ ತಲೆಯಿಂದಲೇ ಒಂದು ಪ್ರಶ್ನೆ ಹಾಕಿದಳು: "ಹೋದ ಕೆಲಸ ಆಯಿತೇ, ಪ್ರಭು?"

ರಾಜ ಗಾಬರಿಯಿಂದ ಪೆಟ್ಟಿಗೆ ನೋಡಿದ. ಅಲ್ಲಿಂದ ಪಿಸುಮಾತು ಬಂತು.

"ಆಯಿತು, ಸುಖವಾಗಿ!" ಎಂದು ರಾಜ ಗುಡುಗಿದ.

ಸಭೆ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ನಿಲ್ಲುವವರೆಗೆ ರಾಜ ಮತ್ತೆ ಹಿರಿದ ಕತ್ತಿ ಎತ್ತಿಕೊಂಡೇ ನಿಲ್ಲಬೇಕಾಯಿತು. ನಿರ್ದೇಶಕರು ಕೂದಲು ಬಿಟ್ಟು, ಕಣ್ಣೊರೆಸಿಕೊಂಡು, ಪೆಟ್ಟಿಗೆಯ ಕೆಳಬಾಗಿಲಿಗೆ ಬಗ್ಗಿದರು.

"ನಾಳೆನೂ ಅಲ್ಲೇ ಎದ್ದು ಹೋಗಿ ಬನ್ನಿ ಅಜ್ಜಿ. ಆ ಮಾತು ಇನ್ಮೇಲೆ ನಾಟಕದಲ್ಲೇ ಇರುತ್ತೆ."

ಅಜ್ಜಿ ಒಂದು ಗುಟುಕು ನೀರು ಕುಡಿದು ಮುಂದಿನ ಮಾತು ಎತ್ತಿಕೊಟ್ಟಳು. ಆಮೇಲೆ ಅದರ ಮುಂದಿನದು. ಕೊನೆಯ ಮಾತನ್ನು ಅವಳು ಪಿಸುಗುಟ್ಟಿದಳು, ರಾಜ ಗುಡುಗಿದ, ಪೆಟ್ಟಿಗೆಯಿಂದ ಖಾಲಿ ಬಾಟಲಿ ಮೇಲೆದ್ದು ನನಗೆ ಸನ್ನೆ ಮಾಡಿತು. ನಾನು ಪರದೆ ಎಳೆದೆ.